ದಿವಾದ ಹೆಂಗಸರ ಬೆನ್ನು

ನಿವೃತ್ತಳಾದ ಮೇಲೂ ನನ್ನ ಫೋನಿಗೆ ಬಿಡುವಿಲ್ಲ. ಫಿಸಿಯೋಥೆರಪಿ ಓದು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿಯರು ಕರೆ ಮಾಡುತ್ತಾರೆ. ಯಾವ ಮಷೀನು ಒಳ್ಳೆಯದು, ಸ್ವಂತ ಕ್ಲಿನಿಕ್ ಡೊಂಬಿವಲಿಯಲ್ಲಿ ಹಾಕಿದರೆ ನಡೆಯುತ್ತದೋ ಠಾಣೆಯಲ್ಲಿ ಹಾಕಿದರೋ ಎಂದು ಕೇಳುತ್ತಾರೆ. ಅದರ ಬಗ್ಗೆ ನನಗೆ ಹೇಳುವಂಥದ್ದು ಹೆಚ್ಚಿಲ್ಲ. ಮುಂಬಯಿ ಪಕ್ಕದ ಕಲ್ಯಾಣದ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ನನ್ನ ನೌಕರಿಯೆಲ್ಲ ಕಳೆಯಿತು. ಮುಟ್ಟು ನಿಂತ ಹೆಂಗಸರ ಮೂಳೆ ಟೊಳ್ಳಾಗದಂತೆ ವ್ಯಾಯಾಮ ಮಾಡಿಸುವುದು ಕೊನೆಯ ವರ್ಷಗಳಲ್ಲಿ ನನ್ನ ಮುಖ್ಯ ಕೆಲಸವಾಗಿತ್ತು. ಹಿಮ್ಮಡಿ ಎತ್ತಿರಿ, ಇಳಿಸಿರಿ, ಕುರ್ಚಿಯಿಂದ ಏಳಿರಿ, ಕೂರಿರಿ. ಹೊರಗಿನಿಂದ ನೋಡುವವರಿಗೆ ಇದರಲ್ಲಿ ಎದೆ ನಡುಗಿಸುವಂಥದ್ದು ಏನೂ ಕಾಣಲಿಕ್ಕಿಲ್ಲ. ನನ್ನ ಎದೆ ಮಾತ್ರ ಎಷ್ಟೋ ಸಲ ನಡುಗಿದೆ. ಆ ಹುಡುಗಿಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸರೋಜಕ್ಕನ ವಿಷಯ ಹೇಳುತ್ತೇನೆ. ಅವರು ಉಡುಪಿ ಕಡೆಯವರು. ಗಂಡನದು ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಸಣ್ಣ ಹೋಟೆಲು. ಮಕ್ಕಳ ಮದುವೆಯೆಲ್ಲ ಮುಗಿಸಿ, ಇನ್ನು ಆರೋಗ್ಯ ನೋಡಿಕೊಳ್ಳಬೇಕು ಎಂದು ಬೆಳಿಗ್ಗೆ ಉದ್ಯಾನದಲ್ಲಿ ಸೇರುವ ಹೆಂಗಸರ ಗುಂಪಿಗೆ ಹೋದರು. ಅಲ್ಲಿ ಎಲ್ಲರೂ ಬಗ್ಗಿ ಕಾಲಿನ ಬೆರಳು ಮುಟ್ಟುತ್ತಿದ್ದರು. ಇವರೂ ಬಗ್ಗಿದರು. ಮತ್ತೆ ನೆಟ್ಟಗೆ ನಿಲ್ಲಲು ಆಗಲಿಲ್ಲ.

"ಬೆನ್ನಿನ ಒಳಗೆ ಹಪ್ಪಳ ಮುರಿದ ಹಾಗೆ ಆಯ್ತು ಮಾರಾಯ್ತಿ. ನಾನು ಬೀಳಲಿಲ್ಲ, ಎಡವಲಿಲ್ಲ, ಯಾರೂ ದೂಡಲಿಲ್ಲ. ಬರೇ ಬಗ್ಗಿದ್ದು!" ಎಂದು ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಹೇಳಿದರು.

ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಒಂದು ಮಣಿ, ನಾವು ಕಶೇರು ಎನ್ನುವುದು, ಮುಂಭಾಗದಲ್ಲಿ ಚಪ್ಪಟೆಯಾಗಿ ಬೆಣೆಯ ಹಾಗೆ ಕಾಣುತ್ತಿತ್ತು. ಆರೋಗ್ಯಕ್ಕೆಂದು ಮಾಡಿದ ವ್ಯಾಯಾಮವೇ ಮೂಳೆ ಮುರಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ದಿನ ಮನೆಗೆ ಹೋದ ಮೇಲೆ ನೆಲದ ಮೇಲೆ ಬಿದ್ದ ಚಮಚ ಎತ್ತಲು ಬಗ್ಗುವಾಗಲೂ ನನ್ನ ಮೈ ಜುಮ್ಮೆಂದಿತು.

ನಮ್ಮ ಮೂಳೆ ವಿಭಾಗದ ಮುಖ್ಯಸ್ಥರು ಡಾಕ್ಟರ್ ಕೇಳಕರ್. ಕೈ ಚಳಕ ಒಳ್ಳೆಯದು, ಬಾಯಿ ಜೋರು. ಹಳೆಯ ಪದ್ಧತಿಯಲ್ಲಿ ಇಂಥವರಿಗೆ ಹಾಸಿಗೆ, ಬೆಲ್ಟು, ಶಾಖ, ಇಷ್ಟೇ. ಭಾರ ಎತ್ತಬಾರದು, ಮೆಟ್ಟಿಲು ಹತ್ತಬಾರದು ಎಂದು ಬರೆದುಕೊಡುತ್ತಿದ್ದರು. ಆದರೆ ಮಲಗಿದಷ್ಟೂ ಮೂಳೆ ಇನ್ನಷ್ಟು ಸೊರಗುತ್ತದೆ, ಅದಕ್ಕೆ ಭಾರ ಬೇಕು, ಆ ಭಾರ ಸರಿಯಾದ ರೀತಿಯಲ್ಲಿ ಬೀಳಬೇಕು ಎಂಬುದು ಆಗಲೇ ನಮ್ಮ ವಿದ್ಯೆಯೊಳಗೆ ಬಂದಿತ್ತು. ಸರೋಜಕ್ಕನ ನೋವು ಇಳಿದ ಮೇಲೆ ನಾನು ಅವರನ್ನು ನಿಲ್ಲಿಸಿದೆ. ಬೆನ್ನು ಬಗ್ಗಿಸದೆ ಸೊಂಟದ ಕೀಲಿನಿಂದ ಬಾಗುವುದು, ಗೋಡೆಗೆ ಕೈಯೂರಿ ದೂಡುವುದು, ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ನೆಲಕ್ಕೆ ದಪ್ಪನೆ ಇಳಿಸುವುದು, ಕುರ್ಚಿ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು. ಮೊದಲು ನೀರಿನ ಬಾಟಲಿ ಎತ್ತಿಸಿದೆ, ಆಮೇಲೆ ಡಂಬೆಲ್.

ಕೇಳಕರ್ ಸಾಹೇಬರು ಬಾಗಿಲಲ್ಲಿ ನಿಂತು ನೋಡಿ, "ವಾರಿಜಾ, ವೇಡೀ ಆಹೇಸ್ ಕಾ? ಮುರಿದ ಬೆನ್ನಿಗೆ ಡಂಬೆಲ್ಲಾ? ಏನಾದರೂ ಆದರೆ ಉತ್ತರ ಕೊಡುವವಳು ನೀನು" ಎಂದು ಎಲ್ಲರ ಮುಂದೆ ಕೂಗಾಡಿದರು. ಹುಚ್ಚಿ ಅನ್ನಿಸಿಕೊಂಡೂ ನಾನು ಬಿಡಲಿಲ್ಲ. ಸರೋಜಕ್ಕ ಒಂದು ದಿನ ತಾವೇ ಮೆಟ್ಟಿಲು ಹತ್ತಿ ಸಾಹೇಬರ ಕೋಣೆಗೆ ಹೋಗಿ ನಿಂತರು. ಮರುವಾರದಿಂದ ಸಾಹೇಬರ ಹೆಂಡತಿ ನನ್ನ ವ್ಯಾಯಾಮದ ತರಗತಿಗೆ ಬರತೊಡಗಿದರು. ನಮ್ಮಲ್ಲಿ ಪದ್ಧತಿ ಬದಲಾದದ್ದು ಹೀಗೆ.

ಇಷ್ಟೆಲ್ಲ ಆಗಿ ತರಗತಿ ಚೆನ್ನಾಗಿ ನಡೆಯುತ್ತಿರುವಾಗ ಮಹಾದೇವಿ ಬಂದಳು.

ಕಲಬುರಗಿ ಕಡೆಯವಳು, ಮನೆ ಠಾಣೆಯ ಹತ್ತಿರದ ದಿವಾದಲ್ಲಿ. ನವಿ ಮುಂಬಯಿಯಲ್ಲಿ ಏಳುವ ಕಟ್ಟಡಗಳಿಗೆ ತಲೆಯ ಮೇಲೆ ಘಮೇಲಾ ಎಂಬ ಕಬ್ಬಿಣದ ಬಾಂಡಲಿ ಇಟ್ಟು ಮರಳು, ಕಾಂಕ್ರೀಟು ಹೊರುವ ಕೆಲಸ. ಬೆನ್ನುನೋವೆಂದು ಗೋಡೆ ಹಿಡಿದುಕೊಂಡು ಬಂದಳು. ವಯಸ್ಸು ಕೇಳಿದರೆ, "ನಲವತ್ತು ಆಗಿರಬೇಕ್ರಿ, ನಮ್ಮವ್ವಗ ನೆನಪಿಲ್ಲ" ಎಂದಳು. ಮುಖ ನೋಡಿದರೆ ಅದಕ್ಕಿಂತ ಚಿಕ್ಕವಳ ಹಾಗೇ ಇದ್ದಳು. ಸ್ನಾಯು ಎಳೆದಿರಬೇಕು ಎಂದುಕೊಂಡು ಸಾಹೇಬರ ಬಳಿ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಅವರ ಕೋಣೆಯಿಂದ ಕೂಗು ಕೇಳಿತು. ಎಕ್ಸ್‌ರೇ ತೆಗೆಯುವವರನ್ನು ಬೈಯುತ್ತಿದ್ದರು. "ಇದು ಯಾರೋ ಮುದುಕಿಯ ಫಿಲ್ಮು! ಲಕೋಟೆ ಅದಲುಬದಲು ಮಾಡಿದ್ದೀರಿ. ಇನ್ನೊಮ್ಮೆ ತೆಗೆಯಿರಿ."

ಇನ್ನೊಮ್ಮೆ ತೆಗೆದರು. ಸಾಹೇಬರು ಎರಡನ್ನೂ ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನನ್ನನ್ನು ಕರೆದರು. ಎರಡರಲ್ಲೂ ಅದೇ ಬೆನ್ನು. ಮೂಳೆ ಉಜ್ಜಿದ ಗಾಜಿನ ಹಾಗೆ ಮಸುಕು, ಕುಸಿದ ಕಶೇರುಗಳು ಒಂದಲ್ಲ, ಹೆಚ್ಚು. ಎಂಬತ್ತು ದಾಟಿದವರಲ್ಲಿ ಕಂಡಿದ್ದರೆ ನಾನು ಆಶ್ಚರ್ಯಪಡುತ್ತಿರಲಿಲ್ಲ. ಸಾಹೇಬರ ಜೋರು ಇಳಿದಿತ್ತು. "ಕೂಲಿ ಹೆಂಗಸರ ಮೂಳೆ ಕಬ್ಬಿಣ ಅಂದುಕೊಂಡಿದ್ದೆನಲ್ಲ ನಾನು. ಹೇ ಕಸಂ ಝಾಲಂ, ಇದು ಹೇಗಾಯಿತು?" ಎಂದರು.

ನಾನು ಮಹಾದೇವಿಯ ಬಳಿ ಹೋಗಿ ಕೂತು, "ನಿಮಗೆ ಮುಟ್ಟು ಸರಿಯಾಗಿ ಆಗ್ತದಾ?" ಎಂದು ಕೇಳಿದೆ.

ಆ ನೋವಿನಲ್ಲೂ ಅವಳಿಗೆ ನಗು ಬಂತು. "ಅದೆಲ್ಲಿಂದ ಬರಬೇಕ್ರಿ ಅಕ್ಕೋರ? ಚೀಲಾನೇ ತಗಸೀನಿ."

"ಗರ್ಭಚೀಲವಾ? ಯಾವಾಗ?"

"ಸಣ್ಣಾಕಿ ಮೊಲಿ ಬಿಟ್ಟ ಮ್ಯಾಲ. ಬಿಳಿ ಹೋಗತಿತ್ತು. ಊರ ಕಡಿ ನರ್ಸಿಂಗ್ ಹೋಮಿನ ಡಾಕ್ಟರ್ ಅಂದ್ರು, ಬಿಟ್ರ ಕ್ಯಾನ್ಸರ್ ಆಗ್ತದ, ತಗದುಬಿಡೂಣು ಅಂತ. ಎಲ್ಲಾ ತಗದಾರ. ಮತ್ಯಾಕ ಬೇಕ್ರಿ, ಎರಡು ಮಕ್ಕಳಾಗಿದ್ವು."

ನಾನು ಮನಸ್ಸಿನಲ್ಲೇ ಕೂಡಿಸಿದೆ, ಕಳೆದೆ. ಇಪ್ಪತ್ತೈದೂ ಆಗಿರಲಿಕ್ಕಿಲ್ಲ. ಗರ್ಭಕೋಶದ ಜೊತೆಗೆ, ಮೂಳೆ ಕಾಯುವ ಹಾರ್ಮೋನು ಹುಟ್ಟುವ ಅಂಡಾಶಯಗಳನ್ನೂ ತೆಗೆದಿದ್ದರು. ನಮ್ಮ ಸರೋಜಕ್ಕನಿಗೆ ಐವತ್ತು ದಾಟಿದ ಮೇಲೆ ಬಂದ ಸ್ಥಿತಿ ಇವಳಿಗೆ ಒಂದೇ ದಿನದಲ್ಲಿ, ಆಗಷ್ಟೇ ಹಾಲು ಬಿಟ್ಟ ಮಗುವಿನ ತಾಯಿಯಾಗಿದ್ದಾಗಲೇ ಬಂದಿತ್ತು. ಅಂದಿನಿಂದ ಮೂಳೆ ಕರಗುತ್ತಲೇ ಇತ್ತು. ಅದರ ಮೇಲೆ ಘಮೇಲಾ. ಬಿಳಿ ಹೋಗುವುದಕ್ಕೆ ಒಂದು ವಾರದ ಮಾತ್ರೆ ಸಾಕಾಗುತ್ತಿತ್ತೇನೋ ಎಂದು ಯೋಚಿಸಿ ನನ್ನ ಬಾಯಿ ಒಣಗಿತು. ಎದ್ದು ಹೋಗಿ ಅವಳಿಗೆ ನೀರು ತಂದುಕೊಟ್ಟೆ. ಕುಡಿಯಬೇಕಾದದ್ದು ನಾನು.

ಸಾಹೇಬರು ಔಷಧಿ ಶುರು ಮಾಡಿದರು, ಹೊರೆ ಹೊರುವುದನ್ನು ನಿಲ್ಲಿಸು ಎಂದರು. ಅವಳ ಮುಕಾದಮನನ್ನು, ಕೂಲಿಗಳ ಮೇಸ್ತ್ರಿಯನ್ನು, ಕಂಡು ಮಾತಾಡಿದೆ. ನೋವು ಇಳಿದ ಮೇಲೆ ಹೊಸ ಗೋಡೆಗಳಿಗೆ ಪೈಪಿನಿಂದ ನೀರು ಹೊಡೆಯುವ ಕೆಲಸ ಕೊಟ್ಟ. ಆಮೇಲೆ ಅವಳು ತರಗತಿಗೆ ಬಂದಳು. ಬಂದ ಮೊದಲ ದಿನ ಡಂಬೆಲ್ ನೋಡಿ, "ದಿನಾ ಎತ್ತಿ ಎತ್ತಿ ಬೆನ್ನು ಮುರಕೊಂಡೀನಿ. ಇಲ್ಲಿ ಬಂದು ಮತ್ತ ಎತ್ತಬೇಕೇನ್ರಿ?" ಎಂದಳು.

ನ್ಯಾಯವಾದ ಪ್ರಶ್ನೆ. ತಲೆಯ ಮೇಲಿನ ಭಾರ ನೇರ ಬೆನ್ನುಮೂಳೆಯನ್ನೇ ಅದುಮುತ್ತದೆ, ಘಮೇಲಾ ಎತ್ತಲು ಬೆನ್ನು ಬಗ್ಗಿಸಿದಾಗಲೆಲ್ಲ ಟೊಳ್ಳು ಮೂಳೆ ಮುಂದಕ್ಕೆ ಕುಸಿಯುತ್ತದೆ, ಇಲ್ಲಿ ನಾವು ಬೆನ್ನ ಹಿಂದಿನ ಸ್ನಾಯುಗಳನ್ನು ಗಟ್ಟಿ ಮಾಡುತ್ತೇವೆ, ಆ ಸ್ನಾಯುಗಳೇ ಮೂಳೆಯನ್ನು ಹಿಡಿದು ನಿಲ್ಲಿಸಬೇಕು ಎಂದು ತೋರಿಸಿಕೊಟ್ಟೆ. ಚೀಲ ಮತ್ತು ಅಂಡಾಶಯ ತೆಗೆದದ್ದೇ ಮೂಳೆ ಟೊಳ್ಳಾಗಲು ಕಾರಣ ಎಂದೂ ಹೇಳಿದೆ. ಮೊದಲನೆಯದನ್ನು ಒಪ್ಪಿದಳು. ಎರಡನೆಯದಕ್ಕೆ ತಲೆ ಆಡಿಸಿದಳು, ಒಪ್ಪಿದಂತೆ ಕಾಣಲಿಲ್ಲ. "ಹೊರಿ ಹೊತ್ತು ಆಗ್ಯದ ಬಿಡ್ರಿ" ಎಂದಳು.

ಸರೋಜಕ್ಕ ಅವಳ ಪಕ್ಕದಲ್ಲೇ ನಿಲ್ಲುತ್ತಿದ್ದರು. ಮೊದಲ ದಿನವೇ ಅವಳ ವಿಷಯ ಕೇಳಿ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟಿದ್ದರು. "ಎಂತ ಹೇಳ್ತಿ? ನನ್ನ ಮಗಳಿಗೆ ಆ ವಯಸ್ಸಿಗೆ ಮದುವೆಯೇ ಆಗಿರಲಿಲ್ಲ!" ಆಮೇಲೆ ಹೋಟೆಲಿನಿಂದ ರಾಗಿ, ಎಳ್ಳು ಹಾಕಿದ ಉಂಡೆ ತಂದು ಅವಳ ಕೈಚೀಲಕ್ಕೆ ತುಂಬುತ್ತಿದ್ದರು.

ಒಂದು ದಿನ ನಾನು ಮಹಾದೇವಿಯನ್ನು ಕೇಳಿದೆ. "ನಿಮ್ಮ ಹಾಗೆ ತೆಗೆಸಿದವರು ಬೇರೆಯವರು ಇದ್ದಾರಾ?"

"ಆಯ್ತವಾರ ದಿವಾಕ್ಕ ಬರ್ರಿ. ನಮ್ಮ ಕಡಿಯವರೆಲ್ಲಾ ಮನ್ಯಾಗ ಇರ್ತಾರ. ನೀವೇ ನೋಡ್ತೀರಿ."

ಭಾನುವಾರ ಸರೋಜಕ್ಕನನ್ನೂ ಕರೆದುಕೊಂಡು ಹೋದೆ. ರೈಲು ಹಳಿಗೆ ಹತ್ತಿಕೊಂಡ ಸಾಲುಮನೆಗಳ ಚಾಳಿನಲ್ಲಿ ಅವಳ ಕೋಲಿ, ಒಂದೇ ಕೋಣೆಯ ಮನೆ. ಗಾಡಿ ಹೋದಾಗಲೆಲ್ಲ ಪಾತ್ರೆಗಳು ಅಲುಗುತ್ತಿದ್ದವು. ಆ ಒಂದು ಕೋಣೆಯಲ್ಲಿ ಹೆಂಗಸರು ಒತ್ತಿಕೊಂಡು ಕೂತಿದ್ದರು, ಹೊರಗೆ ಹೊಸ್ತಿಲಿನವರೆಗೂ. ಹೆಚ್ಚಿನವರು ಮೂವತ್ತರ ಆಸುಪಾಸಿನವರು. ನಾನು ಎಲ್ಲರಿಗೂ ಕೇಳುವ ಹಾಗೆ, "ಗರ್ಭಚೀಲ ತೆಗೆಸಿದವರು ಒಮ್ಮೆ ಕೈ ಎತ್ತಿ" ಎಂದೆ.

ಮಹಾದೇವಿ ನನ್ನ ತೋಳು ಮುಟ್ಟಿದಳು. "ತಗಸದೇ ಇದ್ದವರು ಎತ್ತರಿ ಅನ್ರಿ ಅಕ್ಕೋರ. ಲಗೂ ಆಗ್ತದ."

ಹಾಗೇ ಕೇಳಿದೆ. ಮೂಲೆಯಲ್ಲಿ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ನಾಚುತ್ತ ಕೈ ಎತ್ತಿದಳು. ಬಾಗಿಲ ಬಳಿ ಮಹಾದೇವಿಯ ದೊಡ್ಡ ಮಗಳು ರೇಣುಕಾ ಎತ್ತಿದಳು. ಉಳಿದ ಕೈಗಳು ಮಡಿಲಲ್ಲೇ ಇದ್ದವು.

ಪುಸ್ತಕದಲ್ಲಿ, ಸಮ್ಮೇಳನದಲ್ಲಿ ಯಾರಾದರೂ ಹೇಳಿದ್ದರೆ ಉತ್ಪ್ರೇಕ್ಷೆ ಅನ್ನುತ್ತಿದ್ದೆ. ಸರೋಜಕ್ಕ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ತುಳುವಿನಲ್ಲಿ ದೇವರ ಹೆಸರು ಹೇಳುತ್ತಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ರೇಣುಕಾಳ ಎತ್ತಿದ ಕೈಯನ್ನು ನಗುತ್ತ ಕೆಳಗೆ ಎಳೆದಳು.

"ಇಕಿದೂ ಬರೋ ತಿಂಗಳ ಅದರೀ. ಗಾಡಿ ಟಿಕೀಟೂ ಮಾಡಸ್ಯಾರ."

ನಾನು ಮಹಾದೇವಿಯ ಮುಖ ನೋಡಿದೆ. ಇಷ್ಟು ದಿನ ನನ್ನೆದುರು ನಿಂತು ಹಿಮ್ಮಡಿ ಎತ್ತಿ ಇಳಿಸಿದವಳು. "ಯಾರು ಹೇಳಿದ್ದು?" ಎಂದೆ.

"ನಾನೇ ಹೇಳೀನ್ರಿ. ಅಕಿಗೆ ಭಾಳ ರಕ್ತ ಹೋಗ್ತದ. ನನಗ ಮಾಡಿದ ಡಾಕ್ಟರ್ ಹಂತೇಲೇ ಕರಕೊಂಡು ಹೋಗ್ತೀನಿ."

"ನಿಮ್ಮ ಬೆನ್ನು ಹೀಗಾದದ್ದು ಅದರಿಂದಲೇ ಎಂದು ಹೇಳಲಿಲ್ವಾ ನಾನು?"

"ಅಂದೀರಿ ಖರೆ. ಆದ್ರ ಕ್ಯಾನ್ಸರ್ ಆಗಿ ಮಗಳೇ ಹೋದಮ್ಯಾಲ, ಎಲುಬು ಗಟ್ಟಿ ಇದ್ದು ಏನ್ ಮಾಡೂದ್ರಿ?"

ಅವಳು ಮಗಳನ್ನು ಉಳಿಸುತ್ತಿದ್ದೇನೆ ಅಂದುಕೊಂಡೇ ಆ ಟಿಕೆಟ್ ಮಾಡಿಸಿದ್ದಳು.

ರೇಣುಕಾ ಸಣ್ಣ ಮಗುವಾಗಿದ್ದಾಗ ಬಂದು ಇಲ್ಲೇ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಐರೋಲಿಯ ಒಂದು ಆಫೀಸಿನಲ್ಲಿ ನೆಲ ಒರೆಸುವ ಕೆಲಸ. "ಮೇಡಂ, ಹರ್ ಮಹೀನೇ ಛುಟ್ಟಿ ಲೇತೀ ಹೂಂ ತೋ ಸೂಪರ್‌ವೈಸರ್ ಚಿಲ್ಲಾತಾ ಹೈ. ನಿಕಾಲ್ ದೇಂಗೇ ತೋ ಝಂಝಟ್ ಖತಮ್" ಎಂದಳು. ತಿಂಗಳು ತಿಂಗಳು ರಜೆ, ಸೂಪರ್‌ವೈಸರನ ಬೈಗುಳ, ತೆಗೆದುಬಿಟ್ಟರೆ ರಗಳೆ ಮುಗಿಯಿತು ಎಂಬುದು ಅವಳ ಲೆಕ್ಕ. ಎರಡು ಮಕ್ಕಳು ಅವಳ ಕಾಲಿಗೆ ಸುತ್ತಿಕೊಂಡಿದ್ದವು.

ಊರಿಗೆ ಹೋಗುವ ಮೊದಲು ಒಂದೇ ಒಂದು ಸಲ ನಮ್ಮ ಆಸ್ಪತ್ರೆಯ ಹೆರಿಗೆ ಡಾಕ್ಟರಮ್ಮನಿಗೆ ತೋರಿಸಿ ಎಂದು ಬೇಡಿಕೊಂಡೆ. ತಾಯಿ ಮಗಳು ಇಬ್ಬರೂ ಹೂಂ ಎಂದರು. ದಿನ ಗೊತ್ತುಮಾಡಿದೆ. ಆ ದಿನ ಅವರು ಬರಲಿಲ್ಲ. ಫೋನ್ ಬಂದ್ ಇತ್ತು. ಸಂಜೆ ನಾನೂ ಸರೋಜಕ್ಕನೂ ದಿವಾಕ್ಕೆ ಹೋದರೆ ಕೋಲಿಗೆ ಬೀಗ. ಪಕ್ಕದ ಮನೆಯವಳು ಹೇಳಿದಳು, ಊರಿನಿಂದ ಕರೆ ಬಂತಂತೆ, ಡಾಕ್ಟರು ಬೇಗ ಬನ್ನಿ ಎಂದರಂತೆ, ಮಧ್ಯಾಹ್ನವೇ ಕಲ್ಯಾಣದಲ್ಲಿ ಸೊಲ್ಲಾಪುರದ ಕಡೆಯ ಗಾಡಿ ಹತ್ತಿದರಂತೆ.

ನಾವಿಬ್ಬರೂ ದಿವಾ ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆವು. ಒಂದರ ಹಿಂದೊಂದು ಲೋಕಲ್ ಬಂದು ಹೋದವು, ಯಾವುದನ್ನೂ ಹತ್ತಲಾಗಲಿಲ್ಲ. "ಇನ್ನು ಎಂತ ಮಾಡ್ಲಿಕ್ಕಾಗ್ತದೆ ವಾರಿಜಾ" ಎಂದು ಸರೋಜಕ್ಕ ಅತ್ತರು. ನನಗೆ ಅಳುವೂ ಬರಲಿಲ್ಲ. ಮಹಾದೇವಿಯ ಎಕ್ಸ್‌ರೇಯ ಮೇಲೆ ರೇಣುಕಾಳ ಮುಖ ಕೂತಂತೆ ಕಾಣುತ್ತಿತ್ತು.

ಮುಂದಿನ ವಾರ ತರಗತಿ ಶುರುವಾಗುವ ಹೊತ್ತಿಗೆ ಬಾಗಿಲಲ್ಲಿ ಮಹಾದೇವಿ ನಿಂತಿದ್ದಳು. ಹಿಂದೆ ರೇಣುಕಾ. ಹೊಟ್ಟೆ ಹಿಡಿದುಕೊಂಡಿರಲಿಲ್ಲ, ನೆಟ್ಟಗೆ ನಡೆದು ಬಂದಳು. ನಾನು ಕೇಳಲು ಹೆದರಿದೆ. ಮಹಾದೇವಿಯೇ ಕುರ್ಚಿ ಎಳೆದುಕೊಂಡು ಕೂತು ಹೇಳಿದಳು.

"ಬಸ್ ಸ್ಟ್ಯಾಂಡಿಗಿ ನಮ್ಮ ದೊಡ್ಡವ್ವನ ಮಗಳು ಬಂದಿದ್ಳು ಅಕ್ಕೋರ, ನೀಲವ್ವ. ನನಗ ತಗದ ದಿನಾನೇ ಅಕಿಗೂ ತಗದಿದ್ರು. ಇಬ್ರೂ ಬಾಜು ಬಾಜೂಕ ಮಲಗಿದ್ದಿವಿ. ನಾ ಮುಂಬೈಕ್ಕ ಬಂದಮ್ಯಾಲ ಅಕಿನ್ನ ನೋಡಿದ್ದಿಲ್ಲ. ಈಗ ನೋಡಿದ್ರ ನೆಲಾ ನೋಡಕೋತ ಬರ್ಲಿಕತ್ತಿದ್ಳು. ನನ್ನ ಮಾರಿ ನೋಡಬೇಕಂದ್ರ ಕುತಗಿ ಹೊಳ್ಳಸಬೇಕು. ನಾ ಅಂದೆ, ಯವ್ವಾ, ನೀನೂ ಹೊರಿ ಹೊತ್ತೇನು? ಅಕಿ ಅಂದ್ಳು, ನಾ ಯಾವಾಗ ಹೊತ್ತೆ? ಬಳಿ ಅಂಗಡ್ಯಾಗ ಕುಂತಾಕಿ ಕುಂತೇ ಅದೀನಿ."

ಮಹಾದೇವಿ ತಲೆ ತಗ್ಗಿಸಿ ನೀಲವ್ವ ಬಂದ ರೀತಿ ತೋರಿಸಿದಳು.

"ನರ್ಸಿಂಗ್ ಹೋಮಿನಾಗ ರೇಣುಕಾನ ಒಳಗ ಕರದು ಬಟ್ಟಿ ಬದಲಿ ಮಾಡಸ್ಯಾರ. ನಾ ಹೊರಗ ನೀಲವ್ವನ ಬಾಜೂಕ ಕುಂತೀನಿ. ಅಕಿ ಬೆನ್ನು ನೋಡಿದೆ, ನನ್ನ ಬೆನ್ನ ಮ್ಯಾಲ ಕೈ ಆಡಿಸಿಕೊಂಡೆ. ಅಕಿ ಒಂದು ದಿನಾ ಹೊರಿ ಹೊತ್ತಾಕಿ ಅಲ್ಲ. ಮತ್ತ ಅಕಿಗೆ ಯಾಕ ಹೀಂಗಾತು? ನಮ್ಮಿಬ್ಬರಿಗೂ ಕೂಡಿ ಆಗಿದ್ದು ಅದೊಂದೇ. ಎದ್ದು ಒಳಗ ಹೋದೆ. ಸಲಾಯಿನ್ ಹಚ್ಚಲಿಕ್ಕತ್ತಿದ್ರು. ನನ್ನ ಮಗಳ ಕೈ ಬಿಡ್ರಿ ಅಂದೆ. ನರ್ಸ್ ಅಂದ್ಳು, ನಾಳಿ ಕ್ಯಾನ್ಸರ್ ಆದ್ರ ನಮ್ಮ ಹಂತೇಲಿ ಬರಬ್ಯಾಡ್ರಿ ಅಂತ. ಗಾಡ್ಯಾಗ ದಾರಿ ಪೂರಾ ಅದೇ ಮಾತು ಕಿವ್ಯಾಗ. ನಾ ಏನರ ತಪ್ಪು ಮಾಡೀನೇನು? ನೀವು ಹೇಳ್ರಿ. ಮಗಳು ಸಾಯೂದಿಲ್ಲಲ್ಲ?"

ಅವಳು ನನ್ನ ಎರಡೂ ಕೈ ಹಿಡಿದುಕೊಂಡಿದ್ದಳು. ಸಾಯುವುದಿಲ್ಲ ಎಂದು ಹೇಳುವ ಅಧಿಕಾರ ನನಗಿರಲಿಲ್ಲ. ರೇಣುಕಾಳನ್ನು ಆಗಲೇ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ. ಪರೀಕ್ಷೆಗಳಾದವು. ಅವುಗಳ ಉತ್ತರ ಬರುವವರೆಗೆ ಮಹಾದೇವಿ ಸರಿಯಾಗಿ ಊಟ ಮಾಡಲಿಲ್ಲ ಎಂದು ರೇಣುಕಾ ಹೇಳಿದಳು. ನಾನೂ ಮಾಡಲಿಲ್ಲ.

ಕ್ಯಾನ್ಸರ್ ಇರಲಿಲ್ಲ. ಹಾರ್ಮೋನಿನ ಏರುಪೇರಿನಿಂದ ರಕ್ತಸ್ರಾವ ಹೆಚ್ಚಾಗಿತ್ತು, ಮೈಯಲ್ಲಿ ರಕ್ತ ಕಡಿಮೆ ಇತ್ತು. ಮಾತ್ರೆಗೆ ಎಲ್ಲವೂ ಹಿಡಿತಕ್ಕೆ ಬಂತು. ಡಾಕ್ಟರಮ್ಮ ಅದನ್ನು ಹೇಳುವಾಗ ಮಹಾದೇವಿ ನಗಲಿಲ್ಲ. "ಮಾತ್ರಿ? ಬರೇ ಮಾತ್ರಿಯೇನ್ರಿ?" ಎಂದು ಎರಡೆರಡು ಸಲ ಕೇಳಿದಳು. ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲೇ ನೆಲದ ಮೇಲೆ ಕುಸಿದು ಕೂತು ಬಾಯಿಬಿಟ್ಟು ಅತ್ತಳು. ಮಗಳಿಗಾಗಿ ಅಲ್ಲ ಎಂದು ನಮಗೆಲ್ಲ ಗೊತ್ತಾಯಿತು. ಆಗಷ್ಟೇ ಇಪ್ಪತ್ತು ದಾಟಿದ್ದ ಅಂದಿನ ತನ್ನನ್ನು ನೆನೆದು ಅಳುತ್ತಿದ್ದಳು. ಕೇಳಕರ್ ಸಾಹೇಬರು ಆ ದಾರಿಯಲ್ಲಿ ಬಂದವರು ನಿಂತು, ಕನ್ನಡಕ ತೆಗೆದು ಒರೆಸಿಕೊಂಡು ಹೋದರು.

ಆಮೇಲೆ ದಿವಾದಲ್ಲೇ ಭಾನುವಾರದ ತರಗತಿ ಶುರು ಮಾಡಿದೆವು. ಚಾಳಿನ ಹಿಂದಿನ ಅಂಗಳದಲ್ಲಿ, ಬಿಸಿಲಿನಲ್ಲಿ. ಡಂಬೆಲ್ ಇರಲಿಲ್ಲ, ಮರಳು ತುಂಬಿದ ಬಾಟಲಿ ಸಾಕಾಯಿತು. ತಲೆಯ ಹೊರೆಯನ್ನು ನಾನು ಬಿಡಿಸಲಾರೆ. ಆದರೆ ಕೂತು ಏಳುವ ರೀತಿ, ಭಾರ ಎತ್ತುವಾಗ ಬೆನ್ನು ನೆಟ್ಟಗಿಡುವ ರೀತಿ, ಕಾಲು ಜಾರದಂತೆ ಮೈಯ ಹತೋಟಿ, ಇವನ್ನು ಕಲಿಸಬಹುದಿತ್ತು. ಯಾರಿಗೆ ಔಷಧಿ ಬೇಕೋ ಅವರನ್ನು ಸಾಹೇಬರ ಬಳಿ ಕಳಿಸಿದೆ. ಮೂಳೆಗಳು ಪೂರ್ತಿ ಮೊದಲಿನ ಹಾಗಾದವೆಂದು ಹೇಳಿದರೆ ಸುಳ್ಳಾಗುತ್ತದೆ. ಇನ್ನಷ್ಟು ಕುಸಿಯದೆ ಉಳಿದವರಿದ್ದಾರೆ, ಉಳಿಯದವರೂ ಇದ್ದಾರೆ. ನಿವೃತ್ತಿಯಾದ ಮೇಲೂ ಠಾಕುರ್ಲಿಯ ನನ್ನ ಮನೆಯಿಂದ ಅಲ್ಲಿಗೆ ಹೋಗುವುದನ್ನು ನಾನು ಬಿಟ್ಟಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನನ್ನದು ಒಂದೇ ಮಾತು. ವಯಸ್ಸು ಕೇಳಿ ಸುಮ್ಮನಾಗಬೇಡಿ. ಮುಟ್ಟು ಯಾವಾಗ ನಿಂತಿತು, ತಾನಾಗಿ ನಿಂತಿತೋ ಯಾರಾದರೂ ನಿಲ್ಲಿಸಿದರೋ ಎಂದು ಕೇಳಿ. ಮೂವತ್ತರ ಹೆಂಗಸು ಬಂದರೂ ಕೇಳಿ. ಕೇಳಿದ ಮೇಲೆ ಮೈ ನಡುಗುತ್ತದೆ, ನಡುಗಲಿ.

ಮೊನ್ನೆಯ ಭಾನುವಾರ ನಾನು ದಿವಾ ತಲುಪುವಾಗ ತಡವಾಗಿತ್ತು. ಮಹಾದೇವಿ ಆಗಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದಳು. ಅಂಗಳದ ಅಂಚಿನಲ್ಲಿ ಹೊಸ ಹುಡುಗಿಯೊಬ್ಬಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಊರಿನಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಈಗಷ್ಟೇ ಬಂದವಳಂತೆ. ಕೂಸು ಸೆರಗು ಎಳೆಯುತ್ತಿತ್ತು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಬೆನ್ನು ನೋಯುತ್ತದೆ ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಮಹಾದೇವಿ ಅವಳ ಬಳಿ ಹೋಗಿ ಮೆಲ್ಲಗೆ ಕೇಳಿದಳು. "ಚೀಲ ಅದೇನವ್ವಾ?"

"ಇಲ್ರಿ" ಎಂದಳು ಹುಡುಗಿ. ಯಾಕೆ ಕೇಳುತ್ತಾರೆಂದು ಅವಳಿಗೆ ತಿಳಿಯಲಿಲ್ಲ. "ಹ್ವಾದ ವರ್ಷ ತಗದ್ರು."

ಸಾಲಿನಲ್ಲಿ ಎತ್ತಿದ್ದ ಕೈಗಳೆಲ್ಲ ಹಾಗೇ ನಿಂತವು. ಮಹಾದೇವಿ ಮರಳಿನ ಬಾಟಲಿಯೊಂದನ್ನು ಅವಳ ಕೈಗೆ ಕೊಟ್ಟು, ಕೂಸನ್ನು ರೇಣುಕಾಳ ಕಡೆ ದಾಟಿಸಿ, ಸಾಲಿನಲ್ಲಿ ಜಾಗ ಮಾಡಿದಳು.

"ಬಾ, ನನ್ನ ಬಾಜೂಕ ನಿಂದ್ರು."